ಬಚ್ಚಲಲ್ಲಿ ಜಾರಿ ಬಿದ್ದವರು

ಎಕ್ಸ್‌ರೇ ಕೋಣೆಯ ಬಾಗಿಲು ಹಾಕಿದ ಮೇಲೆ ಮನುಷ್ಯರು ಸ್ವಲ್ಪ ಬೇರೆಯಾಗುತ್ತಾರೆ. ಹೊರಗಿರುವ ತನಕ ಗಂಡ, ಅತ್ತೆ, ಅಣ್ಣ, ಪಂಚಾಯ್ತಿ ಮೆಂಬರು, ಯಾರು ಜೊತೆಗೆ ಬಂದಿದ್ದಾರೋ ಅವರೇ ಮಾತಾಡುತ್ತಿರುತ್ತಾರೆ. ಪೆಟ್ಟು ತಿಂದವರಿಗೆ ಬಾಯಿ ಬಿಡಲು ಸಂದು ಸಿಗುವುದಿಲ್ಲ. ಒಳಗೆ ಬಂದರೆ ಅವರು ಮತ್ತು ನಾನು, ಇಬ್ಬರೇ. ಕಿರಣ ಬೀಳುತ್ತದೆ ಅಂತ ಉಳಿದವರನ್ನು ಆಚೆ ಕಳಿಸಲೇಬೇಕು. ಆ ಸ್ವಲ್ಪ ಹೊತ್ತಿನಲ್ಲಿ ನನಗೆ ಎಷ್ಟೋ ಸತ್ಯಗಳು ಸಿಕ್ಕಿವೆ. ಅದಕ್ಕಿಂತ ಹೆಚ್ಚು ಸುಳ್ಳುಗಳು ಸಿಕ್ಕಿವೆ.

“ಬಚ್ಚಲಲ್ಲಿ ಜಾರಿ ಬಿದ್ದೆ ರೀ” ಅನ್ನುವುದು ಅದರಲ್ಲಿ ಮೊದಲನೆಯದು. ನಾನು ಬಹಳ ವರ್ಷ ಶಿಕಾರಿಪುರದಲ್ಲಿ, ಕೊನೆಗೆ ಸೊರಬದಲ್ಲಿ ಎಕ್ಸ್‌ರೇ ಟೆಕ್ನಿಷಿಯನ್ ಆಗಿದ್ದೆ. ಈ ಎರಡು ತಾಲ್ಲೂಕಿನ ಹೆಂಗಸರು ಹೇಳಿದ್ದನ್ನೆಲ್ಲ ನಂಬಿದರೆ ಇಲ್ಲಿನ ಬಚ್ಚಲುಗಳಷ್ಟು ಅಪಾಯದ ಜಾಗ ಭೂಮಿಯ ಮೇಲೆ ಇನ್ನೊಂದಿಲ್ಲ. ಮುಂಗೈ ಮುರಿದರೂ ಬಚ್ಚಲು, ಪಕ್ಕೆಲುಬು ಬಿರುಕು ಬಿಟ್ಟರೂ ಬಚ್ಚಲು, ಕೆನ್ನೆಯ ಮೂಳೆ ಒಳಗೆ ಹೋದರೂ ಬಚ್ಚಲು. ಕೆಲಸಕ್ಕೆ ಸೇರಿದ ಹೊಸತರಲ್ಲಿ ನಂಬುತ್ತಿದ್ದೆ. ಆಮೇಲೆ ಯಾರು ಹೇಳಿದರೂ ನಂಬದ ಹಾಗಾದೆ.

ಈಗ ಈ ಕೆಲಸಕ್ಕೆ ಬರುವ ಹುಡುಗಿಯರು ನನ್ನ ಹತ್ತಿರ ಮಷೀನಿನ ಬಗ್ಗೆ ಕೇಳುತ್ತಾರೆ. ಮಷೀನನ್ನು ಕಂಪನಿಯವರೇ ಬಂದು ಕಲಿಸಿ ಹೋಗುತ್ತಾರೆ. ಅನುಮಾನ ಪಡುವುದನ್ನು ಮಾತ್ರ ಯಾರೂ ಕಲಿಸುವುದಿಲ್ಲ. ನನಗೆ ಅದನ್ನು ಕಲಿಸಿದವರು ವಿಮಲಾ ಡಾಕ್ಟ್ರು.

ವಿಮಲಾ ಡಾಕ್ಟ್ರು ಮೂಳೆ ಡಾಕ್ಟರು. ಗಿಡ್ಡ ಆಳು, ದಪ್ಪ ಕನ್ನಡಕ, ನಗು ಅಪರೂಪ. ಫಿಲ್ಮಿನ ಮೇಲೆ ಎಡ ಬಲದ ಗುರುತು ಇಲ್ಲದಿದ್ದರೆ ಅದನ್ನು ನೋಡದೆ ನನ್ನ ಮೇಜಿನ ಮೇಲೆ ವಾಪಸ್ ಇಡುತ್ತಿದ್ದರು. “ಯಾವ ಕೈ ಅಂತ ನಾನೇನು ಕಣಿ ಕೇಳ್ಬೇಕಾ ಲಲಿತಾ?” ಒಮ್ಮೆ ಹೊರಗಡೆ ಎಲ್ಲೋ ತೆಗೆಸಿದ ಎದೆಯ ಫಿಲ್ಮು ಹಿಡಿದುಕೊಂಡು ಒಬ್ಬ ಕಾಲೇಜು ಹುಡುಗಿ ಬಂದಿದ್ದಳು. ಶ್ವಾಸಕೋಶದ ಮೇಲ್ತುದಿಯಲ್ಲಿ ಬಿಳಿ ಮಚ್ಚೆ. ಟಿಬಿ ಅಂತ ಯಾರೋ ಹೇಳಿ ತಾಯಿ ಅಳುತ್ತಿದ್ದಳು. ಡಾಕ್ಟ್ರು ಫಿಲ್ಮನ್ನೂ ಹುಡುಗಿಯನ್ನೂ ಒಂದು ಗಳಿಗೆ ನೋಡಿ, “ಈ ಹುಡುಗಿ ಜಡೆ ಎತ್ತಿ ಕಟ್ಟಿ ಇನ್ನೊಂದು ತೆಗಿ” ಅಂದರು. ತೆಗೆದೆ. ಮಚ್ಚೆ ಇರಲಿಲ್ಲ. ಒದ್ದೆ ಜಡೆಯ ನೆರಳು ಟಿಬಿಯಾಗಿ ಕೂತಿತ್ತು. “ಮೊದಲು ಫಿಲ್ಮನ್ನ ಅನುಮಾನಿಸು, ಆಮೇಲೆ ರೋಗಿನ” ಅಂದರು. ಅವರ ಹತ್ತಿರ ಕೆಲಸ ಮಾಡುವುದೆಂದರೆ ದಿನಾ ಪರೀಕ್ಷೆಗೆ ಕೂತ ಹಾಗೆ.

ಆಗ ಇನ್ನೂ ಕತ್ತಲೆ ಕೋಣೆಯ ಕಾಲ. ಫಿಲ್ಮನ್ನು ಡೆವಲಪರ್‌ನಲ್ಲಿ ಅದ್ದಿ, ಕೆಂಪು ದೀಪದಲ್ಲಿ ಹಿಡಿದು ನೋಡಿ, ನೀರಿಗೆ ಹಾಕಿ, ಫಿಕ್ಸರ್‌ಗೆ ಹಾಕಿ, ತಂತಿಗೆ ನೇತುಹಾಕಿ ಒಣಗಿಸಬೇಕು. ಮನೆಗೆ ಹೋದರೂ ಕೈಯಿಂದ ಆ ಹುಳಿ ವಾಸನೆ ಹೋಗುತ್ತಿರಲಿಲ್ಲ. ಆದರೆ ಆ ಫಿಲ್ಮಿಗೆ ಒಂದು ಪ್ರಾಮಾಣಿಕತೆ ಇತ್ತು. ಮೂಳೆಯಲ್ಲಿ ಸುಣ್ಣ ಕಮ್ಮಿಯಾಗಿದ್ದರೆ ಮೂಳೆ ಮಂಕಾಗಿ, ಕಪ್ಪು ಕಪ್ಪಾಗಿಯೇ ಬರುತ್ತಿತ್ತು. ಕಂಪ್ಯೂಟರ್ ಬಂದ ಮೇಲೆ ಹಾಗಲ್ಲ. ಎಂಥ ಮೂಳೆ ಕೊಟ್ಟರೂ ಅದು ತಾನೇ ಸರಿಮಾಡಿ, ಹೊಳಪು ಕೊಟ್ಟು, ಚಂದ ಮಾಡಿ ತೋರಿಸುತ್ತದೆ. ಮದುವೆ ಫೋಟೋ ತೆಗೆಯುವವರು ಮುಖ ಬೆಳ್ಳಗೆ ಮಾಡಿದ ಹಾಗೆ. ಹೊಸಬರು ಪರದೆ ನೋಡಿ “ಎಷ್ಟು ಕ್ಲಿಯರ್ ಬಂದಿದೆ ನೋಡಿ ಮೇಡಂ” ಅಂದಾಗ ನನಗೆ ಇವತ್ತಿಗೂ ಒಂದು ಅಳುಕು.

ಈ ಎರಡು ಕಾಲದಲ್ಲೂ ನನ್ನ ಕೋಣೆಗೆ ಬಂದವಳು ಗಿರಿಜಮ್ಮ. ಹೆಸರು ಬದಲಾಯಿಸಿದ್ದೇನೆ, ಅವಳ ಮನೆಯವರದ್ದೂ ಕೂಡ.

ತೊಗರ್ಸಿ ಕಡೆಯವಳು. ನಲವತ್ತರ ಹತ್ತಿರದ ವಯಸ್ಸು, ಸೊರಗಿದ ಮುಖ. ಗಂಡ ಹಾಲೇಶಪ್ಪ ಗೋವಿನಜೋಳ, ಭತ್ತ ಬೆಳೆಯುವ ಮನುಷ್ಯ. ಮೊದಲ ಸಲ ಬಂದಾಗ ಪಕ್ಕೆ ನೋವು. ನಾನು ಏನು ಕೇಳಿದರೂ ಹಾಲೇಶಪ್ಪನೇ ಉತ್ತರ ಕೊಡುತ್ತಿದ್ದ.

“ಏನಾಯ್ತಮ್ಮ?”

“ಬಚ್ಚಲಾಗೆ ಜಾರಿದ್ಲು ರೀ ಅಕ್ಕೋರೆ.”

“ಅವರನ್ನ ಕೇಳಿದ್ದು.”

“ಅದೇ ರೀ, ಜಾರಿದ್ಲು.”

ಅವನನ್ನು ಆಚೆ ಕಳಿಸುವುದೇ ಕಷ್ಟವಾಯಿತು. ಬಾಗಿಲ ಹಿಡಿ ಬಿಡಲಿಲ್ಲ. ಹೊರಗೆ ನಿಂತೂ ಬಾಗಿಲಿಗೆ ಕಿವಿ ಕೊಟ್ಟಿದ್ದ, ಕೆಳಗಿನ ಸಂದಿಯಲ್ಲಿ ಅವನ ಪಾದ ಕಾಣುತ್ತಿತ್ತು. ಗಿರಿಜಮ್ಮನ ರವಿಕೆಯ ತೋಳು ಸರಿಸಿದರೆ ಮೊಣಕೈ ಮಡಿಕೆಯಲ್ಲಿ ಹಸಿರುಗಟ್ಟಿದ ಕಲೆಗಳು, ಎರಡೂ ಕೈಗೆ. ನಾನು ದನಿ ತಗ್ಗಿಸಿ ಕೇಳಿದೆ: “ಯಾರಾದ್ರೂ ಹೊಡೆದ್ರಾ ಗಿರಿಜಮ್ಮ? ನನ್ನ ಹತ್ರ ಹೇಳಿ.”

ಅವಳು ಮೇಲಿನ ಫ್ಯಾನು ನೋಡುತ್ತಾ, “ಇಲ್ಲ ರೀ. ಬಚ್ಚಲಾಗೆ ಜಾರಿದೆ” ಅಂದಳು.

ಫಿಲ್ಮು ಮಂಕಾಗಿ ಬಂತು. ಡೆವಲಪರ್ ಹಳೆಯದಾಗಿದೆ ಅಂದುಕೊಂಡು ಮತ್ತೊಂದು ತೆಗೆದೆ. ಅದೂ ಹಾಗೇ. ಒಂದು ಪಕ್ಕೆಲುಬು ಹೊಸದಾಗಿ ಬಿರುಕು ಬಿಟ್ಟಿತ್ತು. ಅದರ ಕೆಳಗಿನದು ಯಾವಾಗಲೋ ಮುರಿದು ಗಂಟು ಕಟ್ಟಿ ಕೂಡಿಕೊಂಡಿತ್ತು. ಒಂದು ಹಳೇ ಮುರಿತ, ಒಂದು ಹೊಸ ಮುರಿತ. ಪದೇ ಪದೇ ಪೆಟ್ಟು ತಿನ್ನುವವರ ಎದೆಯಲ್ಲಿ ನಾನು ನೋಡಿದ್ದು ಇದನ್ನೇ. ವಿಮಲಾ ಡಾಕ್ಟ್ರಿಗೂ ಅದೇ ಅನ್ನಿಸಿತು. ಅವಳೊಬ್ಬಳನ್ನೇ ಕೂರಿಸಿಕೊಂಡು ಬಹಳ ಹೊತ್ತು ಕೇಳಿದರು. ಅವಳು ಬಚ್ಚಲು ಬಿಟ್ಟು ಕದಲಲಿಲ್ಲ. ಹೋಗುವಾಗ ಡಾಕ್ಟ್ರು ಹಾಲೇಶಪ್ಪನಿಗೆ, “ನಾನು ಮುಖ ಮರೆಯೋಳಲ್ಲ” ಅಂದರು. ಅವನು ತಲೆ ತಗ್ಗಿಸಿಕೊಂಡು ಹೋದ.

ಮುಂದಿನ ವರ್ಷ ಪಾದದ ಮೂಳೆ. ಅಷ್ಟರಲ್ಲಿ ಕಂಪ್ಯೂಟರ್ ಬಂದಿತ್ತು, ಚಿತ್ರ ಹೊಳೆಯುತ್ತಿತ್ತು, ಮುರಿತ ಬಿಟ್ಟರೆ ಉಳಿದದ್ದೆಲ್ಲ ಸರಿಯಾಗಿ ಕಾಣುತ್ತಿತ್ತು. ವಿಮಲಾ ಡಾಕ್ಟ್ರು ಆಗ ರಜೆಯಲ್ಲಿದ್ದರು. ಗಿರಿಜಮ್ಮನ ಮುಖ ಮಾತ್ರ ಇನ್ನೂ ಬೂದಿಯ ಬಣ್ಣಕ್ಕೆ ತಿರುಗಿತ್ತು. ಮೈಯೆಲ್ಲ ಕೆರೆದುಕೊಂಡ ಗೀರು. ಅದೂ ಹೊಡೆತದ್ದೇ ಅಂತ ನಾನು ಲೆಕ್ಕ ಹಾಕಿದೆ. ಹಾಲೇಶಪ್ಪ ಬಾಗಿಲ ಹೊರಗೆ ಅದೇ ಥರ ನಿಂತಿದ್ದ. ಅವನ ಕೈ ನೋಡಿದೆ. ದೊಡ್ಡ ಕೈ.

ಮೂರನೇ ಸಲ ಅವಳನ್ನು ಟೆಂಪೋದಲ್ಲಿ ಮಲಗಿಸಿಕೊಂಡು ತಂದರು. ಮನೆಯ ಜಗಲಿ ಇಳಿಯುವಾಗ ತೊಡೆ ಮುರಿದಿತ್ತು. ಒಂದು ಮೆಟ್ಟಿಲು ಇಳಿದರೆ ತೊಡೆ ಮುರಿಯುತ್ತದಾ? ಯಾರಿಗೆ ಹೇಳಿದರೂ ನಗುತ್ತಾರೆ. ಈ ಸಲ ಅವಳ ತಮ್ಮ ಮಂಜಪ್ಪನೂ ಬಂದಿದ್ದ, ಸೊರಬದ ಆಚೆ ಆನವಟ್ಟಿಯಿಂದ. ಬರುವಾಗಲೇ ಠಾಣೆಗೆ ಹೋಗಿ ಒಬ್ಬ ಪೇದೆಯನ್ನು ಜೊತೆಗೆ ಕರೆದುಕೊಂಡು ಬಂದಿದ್ದ.

ನಾನು ಗಿರಿಜಮ್ಮನನ್ನು ಮೇಜಿನ ಮೇಲೆ ಸರಿಸುತ್ತಿದ್ದಾಗ ಹೊರಗೆ ಗಲಾಟೆ ಶುರುವಾಯಿತು. ಇಣುಕಿದರೆ ಮಂಜಪ್ಪ ಭಾವನ ಅಂಗಿಯ ಕಾಲರ್ ಹಿಡಿದಿದ್ದ.

“ನಮ್ಮಕ್ಕನ್ನ ಕೊಂದೇ ಹಾಕ್ತ್ಯನಾ? ಒಂದ್ಸಲ ಪಕ್ಕೆ, ಒಂದ್ಸಲ ಕಾಲು, ಈಗ ತೊಡೆ! ಹೇಳಾ, ಎಂತ ಮಾಡ್ದೆ ಅವಳಿಗೆ?”

ಹಾಲೇಶಪ್ಪ ಏನೂ ಹೇಳಲಿಲ್ಲ. ಇಲ್ಲ ಅನ್ನಲಿಲ್ಲ, ಕೈ ಬಿಡಿಸಿಕೊಳ್ಳಲಿಲ್ಲ. ಗೋಡೆಗೆ ಒರಗಿ ನಿಂತಿದ್ದ. ಕಾರಿಡಾರಿನ ಜನವೆಲ್ಲ ಅವನನ್ನೇ ನೋಡುತ್ತಿದ್ದರು. ತಪ್ಪು ಮಾಡಿಲ್ಲದವನು ಹೀಗೆ ಸುಮ್ಮನಿರುತ್ತಾನಾ ಅಂತ ಎಲ್ಲರ ಮುಖದಲ್ಲೂ ಇತ್ತು. ನನ್ನ ಮುಖದಲ್ಲೂ ಇದ್ದಿರಬೇಕು. ಪೇದೆ ಇಬ್ಬರನ್ನೂ ಬಿಡಿಸಿ, “ಡಾಕ್ಟ್ರಮ್ಮ ಬರೆದು ಕೊಡ್ಲಿ, ಆಮೇಲೆ ಠಾಣೆಗೆ ನಡೀರಿ” ಅಂದ.

ವಿಮಲಾ ಡಾಕ್ಟ್ರು ಬಂದು ಪರದೆಯ ಮುಂದೆ ಕೂತರು. ಮುರಿದ ಜಾಗವನ್ನು ಅವರು ನೋಡಲೇ ಇಲ್ಲ. ತೊಡೆಯ ಒಳಭಾಗದಲ್ಲಿ, ಮೂಳೆ ಇಲ್ಲದ ಕಡೆ ಬೆರಳಿಟ್ಟರು. ಅಲ್ಲಿ ತೆಳುವಾದ ಎರಡು ಬಿಳಿ ಗೆರೆ, ಕೊಳವೆಯ ಹಾಗೆ ಉದ್ದಕ್ಕೆ ಇಳಿದಿದ್ದವು.

“ಇದೇನಿದು?”

“ರಕ್ತನಾಳ ಇರ್ಬೇಕು ಮೇಡಂ. ವಯಸ್ಸಾದವರಲ್ಲಿ ಸುಣ್ಣ ಕಟ್ಟುತ್ತಲ್ಲ.”

“ಇವಳಿಗೆ ವಯಸ್ಸಾಗಿದೆಯಾ?” ಪರದೆಯಿಂದ ಕಣ್ಣು ತೆಗೆಯದೆ, “ಎರಡೂ ಕೈ ತೆಗಿ” ಅಂದರು.

“ಕೈಗೆ ಪೆಟ್ಟಾಗಿಲ್ಲ ಮೇಡಂ.”

“ಪೆಟ್ಟಾಗಿಲ್ಲ ಅಂತಲೇ ತೆಗಿ.”

ಕೈ ತೆಗೆದೆ. ಅವರು ಬೆರಳುಗಳ ನಡುಮೂಳೆಗಳನ್ನು ದೊಡ್ಡದು ಮಾಡಿಕೊಂಡರು. ಒಳ್ಳೆಯ ಮೂಳೆಯ ಅಂಚು ಪೆನ್ಸಿಲ್‌ನಲ್ಲಿ ಗೆರೆ ಎಳೆದ ಹಾಗೆ ನುಣುಪಾಗಿರುತ್ತದೆ. ಇಲ್ಲಿ ಹೆಬ್ಬೆರಳ ಕಡೆಗಿನ ಅಂಚು ಗೆದ್ದಲು ತಿಂದ ಹಲಗೆಯಂತೆ ಹರಕು ಹರಕಾಗಿತ್ತು. ಬೆರಳ ತುದಿಗಳು ಸವೆದುಹೋಗಿದ್ದವು. ಕಂಪ್ಯೂಟರ್ ಹೊಳಪು ಕೊಟ್ಟಿತ್ತೇ ಹೊರತು ತಿಂದುಹೋದ ಅಂಚನ್ನು ತುಂಬಿಸಲು ಅದಕ್ಕೆ ಬರುವುದಿಲ್ಲವಲ್ಲ. ಆಮೇಲೆ ಬೆನ್ನುಮೂಳೆಯನ್ನೂ ತೆಗೆಸಿದರು. ಪ್ರತಿ ಮಣಿಯ ಮೇಲೆ ಕೆಳಗೆ ಬಿಳಿ ಪಟ್ಟಿ, ನಡುವೆ ಮಂಕು. “ಇದಕ್ಕೆ ಪರದೇಶದವರು ಯಾವುದೋ ಆಟದ ಬನಿಯನ್ನಿನ ಹೆಸರಿಟ್ಟಿದ್ದಾರೆ. ನಾವಾಗಿದ್ರೆ ಪಟ್ಟಾಪಟ್ಟಿ ಚಡ್ಡಿ ಅಂತಿದ್ವಿ” ಅಂದರು. ನಗಲಿಲ್ಲ.

ನಂತರ ಗಿರಿಜಮ್ಮನ ಹತ್ತಿರ ಹೋಗಿ ಸ್ಟೂಲ್ ಎಳೆದುಕೊಂಡು ಕೂತರು. ಬಾಗಿಲು ಹಾಕಿತ್ತು. ನಾವು ಮೂವರೇ.

“ನಿಮ್ಮ ಕಿಡ್ನಿ ಕೆಟ್ಟಿದೆ. ಅದು ನಿಮಗೆ ಮೊದಲೇ ಗೊತ್ತಿದೆ, ಅಲ್ವಾ?”

ಗಿರಿಜಮ್ಮ ಮತ್ತೆ ಮೇಲಿನ ಫ್ಯಾನು ನೋಡಿದಳು. ಕಣ್ಣಿನ ನೀರು ಪಕ್ಕಕ್ಕೆ ಇಳಿದು ಕಿವಿಯೊಳಗೆ ಹೋಗುತ್ತಿತ್ತು, ಒರೆಸಿಕೊಳ್ಳಲಿಲ್ಲ. “ಗೊತ್ತೈತ್ರೀ” ಅಂದಳು.

ಶಿವಮೊಗ್ಗದಲ್ಲಿ ತೋರಿಸಿದ್ದರು. ಮೊಣಕೈಯ ಆ ಕಲೆಗಳು ರಕ್ತ ತೆಗೆದ ಜಾಗ. ಮೈ ಕೆರೆತವೂ ಕಾಯಿಲೆಯದ್ದೇ. ಮುಂದೆ ಡಯಾಲಿಸಿಸ್ ಬೇಕಾಗುತ್ತದೆ, ಇದು ಮನೆತನದಲ್ಲೇ ಇಳಿದು ಬರುವ ಜಾತಿಯ ಕಿಡ್ನಿ ಕಾಯಿಲೆ ಅಂತ ಅಲ್ಲಿನವರು ಹೇಳಿದ ಮೇಲೆ ಗಂಡ ಹೆಂಡತಿ ಅಲ್ಲಿಗೆ ಹೋಗುವುದನ್ನೇ ಬಿಟ್ಟಿದ್ದರು. ಮಗಳು ಕಾವ್ಯಳಿಗೆ ಗಂಡು ಗೊತ್ತಾಗಿತ್ತು. ಹುಡುಗ ಮಂಜಪ್ಪನ ಹೆಂಡತಿಯ ಅಣ್ಣನ ಮಗ. ಮಂಜಪ್ಪನಿಗೆ ತಿಳಿದರೆ ಅವನ ಹೆಂಡತಿಗೆ ತಿಳಿಯುತ್ತದೆ, ಅವಳಿಗೆ ತಿಳಿದರೆ ಗಂಡಿನ ಮನೆಗೆ ತಿಳಿಯುತ್ತದೆ. ಮದುವೆ ಮುಗಿಯುವ ತನಕ ಯಾರ ಹತ್ತಿರವೂ ಬಾಯಿ ಬಿಡಬಾರದು ಅಂತ ಗಿರಿಜಮ್ಮ ಗಂಡನಿಂದ ಮಗಳ ಮೇಲೆ ಆಣೆ ಮಾಡಿಸಿಕೊಂಡಿದ್ದಳು.

“ಅದಕ್ಕೇ ಅವ್ರು ನನ್ ಬಿಟ್ಟು ಹೋಗ್ತಿರಲಿಲ್ಲ ರೀ. ನೋವು ತಡೀದೆ ನಾನೇ ಎಲ್ಲಿ ಹೇಳಿಬಿಡ್ತೀನೋ ಅಂತ. ಜನ ಅವ್ರನ್ನ ಹೆಂಡ್ತಿಗೆ ಹೊಡೆಯೋನು ಅಂದ್ರು. ಅಂದ್ಕಳ್ಲಿ ಬಿಡು ಅಂದ್ರು.”

ಡಾಕ್ಟ್ರು ಹೇಳಿದರು: “ನಿಮ್ಮ ಕಾಯಿಲೆ ನಿಮ್ಮದು. ನೀವು ಬೇಡ ಅಂದ್ರೆ ನಾನು ನಿಮ್ಮ ತಮ್ಮನಿಗೆ ಹೇಳಲ್ಲ. ಪೊಲೀಸರಿಗೆ ಇದು ಹೊಡೆತ ಅಲ್ಲ ಅಂತಷ್ಟೇ ಬರೆದು ಕೊಡ್ತೀನಿ. ಆದ್ರೆ ನಿಮ್ಮ ತಮ್ಮ ಅದನ್ನ ನಂಬಲ್ಲ. ನಾಳೆ ಬೇರೆ ಕಡೆ ಹೋಗಿ ದೂರು ಕೊಡ್ತಾರೆ. ಏನು ಮಾಡ್ಲಿ, ಹೇಳಿ.”

ಆ ಹೆಂಗಸು ಕಣ್ಣು ಮುಚ್ಚಿಕೊಂಡಳು. ಹೊರಗೆ ಮಂಜಪ್ಪನ ದನಿ ಇನ್ನೂ ಕೇಳುತ್ತಿತ್ತು. ಕೊನೆಗೆ, “ಇಬ್ಬರನ್ನೂ ಒಳಗೆ ಕರೀರಿ” ಅಂದಳು.

ಅಕ್ಕ ಹೇಳಿದ್ದನ್ನು ಮಂಜಪ್ಪ ನಂಬಲಿಲ್ಲ. “ಎಂತ ಮೇಡಂ, ಹೆದರ್ಸಿ ಹೇಳಿಸ್ತಿದಾನೆ ಅವ್ನು. ಕಿಡ್ನಿ ಕೆಟ್ರೆ ಉಚ್ಚೆ ನಿಲ್ತದೆ, ಮೂಳೆ ಎಂತಕ್ಕೆ ಮುರೀತದೆ?” ಒರಟಾಗಿ ಕೇಳಿದರೂ ಕೇಳಬೇಕಾದ ಪ್ರಶ್ನೆಯೇ. ಡಾಕ್ಟ್ರು ಅವನನ್ನು ಪರದೆಯ ಮುಂದೆ ನಿಲ್ಲಿಸಿದರು. ನಾನು ಬೇರೆ ಯಾರದೋ ಒಳ್ಳೆಯ ಕೈಯ ಚಿತ್ರವನ್ನು ಪಕ್ಕಕ್ಕೆ ತಂದೆ, ಹೆಸರು ಮುಚ್ಚಿ.

“ಕಿಡ್ನಿ ಕೆಲಸ ನಿಲ್ಲಿಸಿದ್ರೆ ರಕ್ತದಲ್ಲಿ ಸುಣ್ಣದ ಅಂಶ ಇಳಿಯುತ್ತೆ. ಕುತ್ತಿಗೆಯಲ್ಲಿ ಅಕ್ಕಿ ಕಾಳಿನಷ್ಟು ಸಣ್ಣ ಗ್ರಂಥಿಗಳಿವೆ. ಅವಕ್ಕೆ ಇದು ಗೊತ್ತಾದ ತಕ್ಷಣ ಮೂಳೆಯಿಂದ ಸುಣ್ಣ ಕಿತ್ತು ರಕ್ತಕ್ಕೆ ಕೊಡೋಕೆ ಶುರು ಮಾಡ್ತವೆ. ವರ್ಷಗಟ್ಟಲೆ ಕೀಳ್ತಾನೇ ಇರ್ತವೆ. ಮೂಳೆ ಖಾಲಿ. ಕಿತ್ತ ಸುಣ್ಣ ಹೋಗಿ ಬೇಡದ ಕಡೆ ಕೂರುತ್ತೆ, ಇಗೋ, ರಕ್ತನಾಳದಲ್ಲಿ. ಇಂಥ ಮೂಳೆ ಮುರಿಯೋಕೆ ಯಾರೂ ಹೊಡೀಬೇಕಾಗಿಲ್ಲ.”

ಮಂಜಪ್ಪ ಒಂದು ಕೈಯ ಚಿತ್ರದಿಂದ ಇನ್ನೊಂದಕ್ಕೆ ನೋಡುತ್ತಾ ನಿಂತ. ಪೇದೆಯೂ ಇಣುಕಿದ. ಆಮೇಲೆ ಮಂಜಪ್ಪ ತನಗೇ ಹೇಳಿಕೊಂಡ ಹಾಗೆ ಹೇಳಿದ: “ಅಪ್ಪಯ್ಯನಿಗೂ ಕಡೆಗೆ ಕಾಲು ಮುರಿದಿತ್ತು.”

“ಏನಾಗಿತ್ತು ಅವರಿಗೆ?” ಡಾಕ್ಟ್ರು ತಟ್ಟನೆ ಕೇಳಿದರು.

“ಮೈಯೆಲ್ಲ ಬಾವು ಬಂದು ಹೋದ್ರು. ಮಾಟ ಮಾಡ್ಸಿದ್ದು. ನಮ್ಮ ದೊಡ್ಡಪ್ಪನ ಮನೆಯವ್ರು. ಗದ್ದೆ ಬದಿನ ಜಗಳ ಇತ್ತು.”

ಗಿರಿಜಮ್ಮ ಮಲಗಿದಲ್ಲಿಂದಲೇ, “ಮಾಟ ಅಲ್ಲ ಮಂಜ” ಅಂದಳು.

ಡಾಕ್ಟ್ರು ಅವನ ಕಡೆ ತಿರುಗಿ, “ನೀವೂ ರಕ್ತ ಪರೀಕ್ಷೆ ಮಾಡಿಸಿ, ಹೊಟ್ಟೆ ಸ್ಕ್ಯಾನ್ ಮಾಡಿಸಿ” ಅಂದಾಗ ಅವನ ಮುಖ ಕೆಂಪಾಯಿತು. “ನಂಗೆಂತ ಆಗಿಲ್ಲ” ಅಂದವನೇ ಹೊರಟುಹೋದ. ಹೋಗುವಾಗ ಭಾವನ ಮುಖ ನೋಡಲಿಲ್ಲ. ಹಾಲೇಶಪ್ಪ ಹೆಂಡತಿಯ ಕಾಲ ಬಳಿ ನಿಂತು, ಎಳೆದಾಟದಲ್ಲಿ ಕಿತ್ತುಹೋದ ಅಂಗಿ ಗುಂಡಿಯ ಜಾಗವನ್ನು ಬೆರಳಲ್ಲಿ ಮುಟ್ಟಿ ನೋಡಿಕೊಳ್ಳುತ್ತಿದ್ದ.

ಗಿರಿಜಮ್ಮನನ್ನು ಶಿವಮೊಗ್ಗಕ್ಕೆ ಕಳಿಸಿದರು. ಡಯಾಲಿಸಿಸ್ ಶುರುವಾಯಿತು, ತೊಡೆಗೆ ರಾಡ್ ಹಾಕಿದರು. ಅಷ್ಟರಲ್ಲಿ ಕಾವ್ಯ ಒಂದು ಕೆಲಸ ಮಾಡಿದಳು. ಸೋದರಮಾವ ಮಂಜಪ್ಪನಾಗಲಿ ಅವನ ಹೆಂಡತಿಯಾಗಲಿ ಬಾಯಿ ಬಿಡುವ ಮೊದಲೇ ಹುಡುಗನಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದಳು. ಅವರ ಮನೆಯವರು ಬೈಯಲಿಲ್ಲ, ಜಗಳ ತೆಗೆಯಲಿಲ್ಲ, ಬರುವುದನ್ನು ನಿಲ್ಲಿಸಿದರು. ಆ ಸಂಬಂಧ ಮುರಿಯಿತು. ಕಾವ್ಯಳ ಕಿಡ್ನಿಗೂ ಸ್ಕ್ಯಾನ್ ಮಾಡಿಸಿದರು, ಆಗ ಏನೂ ಕಾಣಲಿಲ್ಲ. ಬಹಳ ದಿನದ ಮೇಲೆ ಹಾನಗಲ್ಲಿನ ಕಡೆಯ ಒಬ್ಬನನ್ನು ಮದುವೆಯಾದಳು, ಮೊದಲ ಭೇಟಿಯಲ್ಲೇ ಹೇಳಿ.

ನನಗೆ ಆ ಹೊತ್ತಿಗೆ ಸೊರಬಕ್ಕೆ ವರ್ಗವಾಗಿತ್ತು. ಒಂದು ಮಧ್ಯಾಹ್ನ ಕೊನೆಯ ರೋಗಿ ಹೋದ ಮೇಲೆ ಮಂಜಪ್ಪ ಒಳಗೆ ಬಂದು ತಾನೇ ಬಾಗಿಲು ಹಾಕಿದ. ನನಗೆ ಗಾಬರಿಯಾಯಿತು. ಏನಾದರೂ ಜಗಳ ತೆಗೆಯಲು ಬಂದನಾ ಅಂತ ಮೇಜಿನ ಆ ಕಡೆಗೆ ಸರಿದೆ.

“ಹುಬ್ಬಳ್ಳಿಗೆ ಹೋಗಿ ಸ್ಕ್ಯಾನ್ ಮಾಡಿಸ್ದೆ ಮೇಡಂ. ಎರಡೂ ಕಿಡ್ನಿ ತುಂಬ ನೀರುಗುಳ್ಳೆ ಅಂತೆ. ಹೆಂಡ್ತಿಗೂ ಹೇಳಿಲ್ಲ. ಇಲ್ಲಿ ಮಾಡಿಸಿದ್ರೆ ಯಾರಾದ್ರೂ ನೋಡ್ತಾರೆ ಅಂತ ಅಷ್ಟು ದೂರ ಹೋದೆ. ನೀವೂ ಯಾರಿಗೂ ಹೇಳ್ಬೇಡಿ.”

“ನಾನು ಹೇಳಲ್ಲ” ಅಂದೆ. “ಆದ್ರೆ ಮಂಜಪ್ಪನವ್ರೆ, ನಿಮ್ಮಕ್ಕನೂ ಹೀಗೇ ಯಾರಿಗೂ ಹೇಳ್ಬೇಡಿ ಅಂದಿದ್ಲು. ಅದರ ಭಾರ ಎಲ್ಲ ನಿಮ್ಮ ಭಾವ ಹೊತ್ರು. ನಿಮ್ಮದನ್ನ ಯಾರು ಹೊರಬೇಕು?”

ಅವನು ಕಿರಣ ತಡೆಯುವ ಸೀಸದ ಏಪ್ರನ್ ನೇತುಹಾಕಿದ ಗೋಡೆಯನ್ನೇ ನೋಡುತ್ತಿದ್ದ. ಇನ್ನೂ ಬೇಗನೇ ಗೊತ್ತಾಗಿದೆ, ಬಿಪಿ ಹಿಡಿತದಲ್ಲಿಟ್ಟುಕೊಂಡರೆ ಬಹಳ ವರ್ಷ ತಳ್ಳಬಹುದು ಅಂತ ಡಾಕ್ಟರು ಹೇಳಿದ್ದನ್ನು ನನಗೆ ಹೇಳಿದ. ಆಮೇಲೆ, “ಭಾವ ಇವತ್ತು ಮನೇಲಿರ್ತಾರಾ?” ಅಂದ. ನನಗೆ ಹೇಗೆ ಗೊತ್ತಿರಬೇಕು? ಆದರೂ “ಇರ್ತಾರೆ” ಅಂದೆ. ಅವನು ಭಾವನ ಊರ ಕಡೆಗಿನ ಶಿರಾಳಕೊಪ್ಪದ ಬಸ್ಸು ಹತ್ತಿದ್ದನ್ನು ಆಸ್ಪತ್ರೆ ಗೇಟಿನ ಬಳಿ ನಿಂತು ನೋಡಿದೆ. ತೊಗರ್ಸಿಗೆ ಹೋಗುತ್ತಾನೋ, ಮಧ್ಯದಲ್ಲೇ ಇಳಿದು ವಾಪಸ್ ಬರುತ್ತಾನೋ ಅನ್ನುವ ಅನುಮಾನ ನನಗೆ ಇದ್ದೇ ಇತ್ತು.

ಹೋಗಿದ್ದ. ಗಿರಿಜಮ್ಮ ಆಮೇಲೆ ಫೋನಿನಲ್ಲಿ ಹೇಳಿದಳು. ಭಾವನ ಎದುರು ಕೂತು ರೊಟ್ಟಿ ತಿಂದನಂತೆ. ಕೈ ತೊಳೆದ ಮೇಲೆ, “ದೊಡ್ಡಪ್ಪನ ಮನೆಗೆ ಹೋಗ್ಬೇಕು, ನೀವೂ ಬನ್ನಿ ಭಾವ” ಅಂದನಂತೆ. ಕಾಯಿಲೆ ರಕ್ತದಲ್ಲಿ ಇಳಿಯುವುದಾದರೆ ಆ ಮನೆಯವರಿಗೂ ಹೇಳಬೇಕು ಅನ್ನುವುದು ಅವನಿಗೇ ಹೊಳೆದಿತ್ತು.

ದೊಡ್ಡಪ್ಪ ತೀರಿಹೋಗಿ ಬಹಳ ಕಾಲವಾಗಿತ್ತು. ಅವನ ಮಗ ವೀರೇಶ ಜಗಲಿಯಲ್ಲೇ ಅಡ್ಡ ನಿಂತು, ಯಾಕೆ ಬಂದಿರಿ ಅಂತ ಕೇಳಿದ. ಮಂಜಪ್ಪ ವಿಷಯ ಹೇಳಿದ. ಪೂರ್ತಿ ಕೇಳಿದ ವೀರೇಶ ಮೆಟ್ಟಿಲ ಮೇಲೆ ಕುಸಿದು ಕೂತನಂತೆ. ಅವನ ಅಪ್ಪನೂ ಮೈಯೆಲ್ಲ ಬಾವು ಬಂದೇ ಸತ್ತಿದ್ದು. “ನಿಮ್ಮಪ್ಪ ಸಾಯೋ ಮುಂಚೆ ಮಾಡ್ಸಿದ ಮಾಟ ಅಂತ ನಾವು ತಿಳ್ಕಂಡಿದ್ವಿ” ಅಂದನಂತೆ.

ಮಂಜಪ್ಪ, ವೀರೇಶ ಇಬ್ಬರೂ ಒಂದು ಬೆಳಗ್ಗೆ ಸೊರಬದ ಆಸ್ಪತ್ರೆಗೆ ಬಂದರು. ರಕ್ತ ತೆಗೆಯುವ ಕೋಣೆಯ ಎದುರಿನ ಬೆಂಚಿನಲ್ಲಿ ಈ ತುದಿಗೊಬ್ಬ, ಆ ತುದಿಗೊಬ್ಬ ಕೂತಿದ್ದರು. ಹೊಟ್ಟೆಗೆ ಏನೂ ತಿನ್ನದೆ ಬಂದಿದ್ದರು. ಇಬ್ಬರದ್ದೂ ಮುಗಿದ ಮೇಲೆ ಮಂಜಪ್ಪ ಎದ್ದು, ವೀರೇಶನ ಮುಖ ನೋಡದೆ, “ಬಾ, ಚಾ ಕುಡಿಯನ” ಅಂದ. ವೀರೇಶ ಸ್ವಲ್ಪ ಹೊತ್ತು ಕೂತೇ ಇದ್ದ. ಆಮೇಲೆ ಎದ್ದು, ಹತ್ತಿ ಒತ್ತಿ ಹಿಡಿದ ತೋಳನ್ನು ಮಡಿಸಿಕೊಂಡೇ ಅವನ ಹಿಂದೆ ಹೋದ.